ಒಲ್ಲೆ ಎನ್ನಬಾರದ ಗುಳಿಗೆ

ಡಾಕ್ಟರು ಕೇಳಿದ ಪ್ರಶ್ನೆಗೆ ನಾನು ಸುಳ್ಳು ಹೇಳಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ನನ್ನ ಕಾಯಿಲೆಯ ಕಥೆ ಕೇಳಿದವರೆಲ್ಲ ಕೊನೆಗೆ ಬಂದು ನಿಲ್ಲುವುದು ಅಲ್ಲಿಗೇ. “ಅಷ್ಟು ಓದಿದವರು, ಮ್ಯಾಲೆ ವಕೀಲರು, ಡಾಕ್ಟರ ಮುಂದ ಖರೇ ಹೇಳಬಾರದೇನ್ರಿ?” ಅನ್ನುತ್ತಾರೆ. ಹೇಳಿದ್ದೆನಲ್ಲ! “ಈ ನಡುವೆ ಯಾವುದಾದರೂ ಔಷಧ ತಗೊಂಡಿದ್ದಿರಾ?” ಎಂದು ಕೇಳಿದರು. “ಇಲ್ಲ” ಎಂದೆ. ಕಟಕಟೆಯಲ್ಲಿ ನಿಲ್ಲಿಸಿ ಪ್ರಮಾಣ ಮಾಡಿಸಿದ್ದರೂ ಅದನ್ನೇ ಹೇಳುತ್ತಿದ್ದೆ. ಆ ಒಂದು ‘ಇಲ್ಲ’ಕ್ಕೆ ನಾನು ಸಾಯಬೇಕಾಗಿತ್ತು. ಸಾಯಲಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನನ್ನ ಹೆಸರು ಸರೋಜಾ. ಬಸವನ ಬಾಗೇವಾಡಿಯ ಕೋರ್ಟಿನಲ್ಲಿ ವಕೀಲಿ ಮಾಡುತ್ತೇನೆ. ತವರು ಇಂಡಿ ಕಡೆಯ ಲಚ್ಯಾಣ, ಕೊಟ್ಟ ಮನೆ ಗೊಳಸಂಗಿ. ಅಣ್ಣತಮ್ಮಂದಿರ ಆಸ್ತಿ ಪಾಲಿನ ವಾಟ್ನಿ ಜಗಳ, ಹೊಲದ ಬದುವಿನ ಜಗಳ, ಇವೇ ನನ್ನ ಅನ್ನ. ಐವತ್ತು ದಾಟಿದ ಮೇಲೆ ನನ್ನ ಎರಡೂ ಮೊಣಕಾಲು ಸೇರಿಕೊಂಡು ನನ್ನ ಮೇಲೆಯೇ ದಾವೆ ಹೂಡಿದ್ದವು. ಕೋರ್ಟಿನ ಮೆಟ್ಟಿಲ ಮುಂದೆ ನಾನು ನಿಂತು ಉಸಿರು ತೆಗೆದುಕೊಳ್ಳುವುದನ್ನು ನೋಡಿ ಕಕ್ಷಿದಾರರೇ ಬಂದು ಕೈ ಕೊಡುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು, ಆದರೂ ಕೈ ಹಿಡಿಯುತ್ತಿದ್ದೆ.

ನಮ್ಮ ಕಡೆ ಯುಗಾದಿ ಹತ್ತಿರ ಬಂತೆಂದರೆ ಮಂದಿ ಶ್ರೀಶೈಲದ ಮಲ್ಲಯ್ಯನಿಗೆ ನಡೆದುಕೊಂಡು ಹೊರಡುತ್ತಾರೆ. ಇಂಡಿ, ಸಿಂದಗಿ, ಬಾಗೇವಾಡಿ, ಮುದ್ದೇಬಿಹಾಳ, ಎಲ್ಲ ಕಡೆಯಿಂದಲೂ ಗುಂಪು ಗುಂಪಾಗಿ, ಬೆನ್ನಿಗೊಂದು ಚೀಲ, ಕೈಯಲ್ಲೊಂದು ಕೋಲು. ಆ ವರ್ಷ ವಕೀಲರ ಕೋಣೆಯಲ್ಲಿ ಚಹಾ ಕುಡಿಯುತ್ತ ನಾನೂ ಒಮ್ಮೆ ನಡೆಯಬೇಕು ಎಂದೆ. ದೇಸಾಯಿ ವಕೀಲರು ಬಸಿ ಕೆಳಗಿಟ್ಟು ಹೇಳಿದರು: “ಮೇಡಂ, ನೀವು ನಡಕೋತ ಹೊಂಟ್ರ ಮಲ್ಲಯ್ಯನೇ ನಿಮಗ ಎದುರು ಬರಬೇಕಾಗ್ತೈತಿ ನೋಡ್ರಿ.”

ಕೋಣೆಯೆಲ್ಲ ನಕ್ಕಿತು. ನಾನೂ ನಕ್ಕೆ. ಮರುವಾರ ಕೇಸುಗಳಿಗೆಲ್ಲ ಮುಂದಿನ ತಾರೀಖು ಹಾಕಿಸಿಕೊಂಡು ನಡೆಯಲು ಹೊರಟೆ. ಹರಕೆ ಇರಲಿಲ್ಲ, ಬೇಡಿಕೆ ಇರಲಿಲ್ಲ. ದೇಸಾಯಿಯವರ ಮಾತು ಸುಳ್ಳು ಮಾಡಬೇಕಿತ್ತು, ಅಷ್ಟೇ.

ಈ ದಾರಿಯ ಒಂದು ಪದ್ಧತಿ ಹೇಳಬೇಕು. ಇದು ಗೊತ್ತಿಲ್ಲದೆ ನನ್ನ ಕಾಯಿಲೆ ಅರ್ಥವಾಗುವುದಿಲ್ಲ. ನಡೆಯುವವರಿಗೆ ದಾರಿಯುದ್ದಕ್ಕೂ ಜನ ಪೆಂಡಾಲು ಹಾಕಿ ದಾಸೋಹ ಮಾಡುತ್ತಾರೆ. ರೊಟ್ಟಿ, ಶೇಂಗಾ ಹಿಂಡಿ, ಮಜ್ಜಿಗೆ, ಅಂಬಲಿ, ಕಲ್ಲಂಗಡಿ. ಕಾಲು ತೊಳೆಯಲು ಬಿಸಿನೀರು, ತಿಕ್ಕಲು ಎಣ್ಣೆ. ಪರಿಚಯವೇ ಇಲ್ಲದವರು ನಿಮ್ಮ ಧೂಳುಗಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ತಿಕ್ಕುತ್ತಾರೆ. ಅಲ್ಲಿ ಕೊಟ್ಟದ್ದೆಲ್ಲ ಮಲ್ಲಯ್ಯನ ಪ್ರಸಾದ. ಪ್ರಸಾದವನ್ನು ಒಲ್ಲೆ ಎನ್ನಬಾರದು, ಚೆಲ್ಲಬಾರದು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ನಮಗೆ ತಾಯಿಹಾಲಿನ ಜೊತೆಗೇ ಬಂದಿರುತ್ತದೆ.

ನಮ್ಮ ಮನೆಯದೂ ಒಂದು ಪೆಂಡಾಲು ಇದೆ. ಮುದ್ದೇಬಿಹಾಳದ ದಾರಿಯಲ್ಲಿ ನಮ್ಮ ಹೊಲವೊಂದಿದೆ, ಅದರ ಬದಿಗೆ. ನಮ್ಮ ಮಾವನವರು ಶುರು ಮಾಡಿದ್ದು, ಈಗ ಮೈದುನ ಈರಣ್ಣ ನಡೆಸುತ್ತಾನೆ. ಪೆಂಡಾಲಿನ ಬಾಯಲ್ಲಿ ನಮ್ಮ ಅತ್ತೆ ಗಂಗವ್ವ ಮಣೆ ಹಾಕಿಕೊಂಡು ಕೂಡುತ್ತಾಳೆ. ಬಂದವರ ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಬಿಲ್ವಪತ್ರಿ ಇಟ್ಟು ಒಳಗೆ ಬಿಡುವುದು ಅವಳ ಸೇವೆ. ಕೆಲವು ವರ್ಷಗಳ ಹಿಂದೆ ಈರಣ್ಣನಿಗೆ ಒಂದು ವಿಚಾರ ಹೊಳೆಯಿತು. “ರೊಟ್ಟಿ ಎಲ್ಲಾರೂ ಕೊಡ್ತಾರ. ನಾವು ಬ್ಯಾರೆ ಏನರೆ ಕೊಡೂನು” ಎಂದವನೇ ನೋವಿನ ಗುಳಿಗೆಗಳನ್ನು ಡಬ್ಬಿಗಟ್ಟಲೆ ತಂದ. ಅಂದಿನಿಂದ ಅತ್ತೆಯ ಮಗ್ಗುಲಲ್ಲಿ ಅಗಲ ತಟ್ಟೆಯಂಥ ಒಂದು ಹಿತ್ತಾಳೆ ಪರಾತ. ಅದರಲ್ಲಿ ಕಾಗದದ ಚೂರಿನಲ್ಲಿ ಸುತ್ತಿದ ಗುಳಿಗೆಗಳು. ವಿಭೂತಿ, ಪತ್ರಿ, ಗುಳಿಗೆ, ಮೂರೂ ಒಂದೇ ಕೈಯಿಂದ ಒಂದೇ ಅಂಗೈಗೆ. ನಡೆಯುವವರು ಅದನ್ನು ಹಣೆಗೊತ್ತಿಕೊಂಡು ನುಂಗಿ ಮುಂದೆ ಹೋಗುತ್ತಿದ್ದರು. ಆ ಪೆಂಡಾಲು ನೋಡಿ ಮುಂದಿನ ಊರಿನವರೂ ಇಟ್ಟರು, ಅದರ ಮುಂದಿನವರೂ ಇಟ್ಟರು.

ನಾನು ಕುಂಟುತ್ತ ನಮ್ಮ ಪೆಂಡಾಲಿಗೆ ಬಂದಾಗ ಅತ್ತೆಯ ಕಣ್ಣಲ್ಲಿ ನೀರು. ಸೊಸೆ ಕರಿ ಕೋಟು ಬಿಟ್ಟು ಮಲ್ಲಯ್ಯನ ಹಾದಿ ಹಿಡಿದಳಲ್ಲ ಎಂದು. “ತಗೋ, ಕಾಲು ಹಗುರಾಗ್ತಾವ” ಎಂದು ಅಂಗೈಗೆ ಇಟ್ಟಳು. ನುಂಗಿದೆ. ನಿಜವಾಗಿಯೂ ಕಾಲು ಹಗುರಾಯಿತು. ಈ ಗುಳಿಗೆಗಳ ಮೇಲೆ ನನಗೆ ಈಗ ಎಷ್ಟು ಸಿಟ್ಟಿದ್ದರೂ ಆ ಮಧ್ಯಾಹ್ನದ ಸುಖವನ್ನು ಸುಳ್ಳೆಂದು ಹೇಳಲಾರೆ.

ಮುಂದೆ ದಾರಿ ಬೆಳೆದಂತೆ ಪ್ರಸಾದವೂ ಬೆಳೆಯಿತು. ಒಂದು ಪೆಂಡಾಲಿನಲ್ಲಿ ಕೆಂಪು, ಇನ್ನೊಂದರಲ್ಲಿ ಹಳದಿ, ಮತ್ತೊಂದರಲ್ಲಿ ಬಿಳಿ. ಬಣ್ಣ ಬೇರೆಯಾದ್ದರಿಂದ ಬೇರೆ ಬೇರೆ ಎಂದುಕೊಂಡೆ. ಎಲ್ಲವೂ ಒಂದೇ ಬಳಗದವು ಎಂದು ಆಮೇಲೆ ತಿಳಿಯಿತು. ಬಿಸಿಲಿಗೆ ಊಟ ಸೇರುತ್ತಿರಲಿಲ್ಲ, ಬರೀ ಹೊಟ್ಟೆಗೆ ಮಜ್ಜಿಗೆ ಮತ್ತು ಗುಳಿಗೆ. ಕೊನೆಗೆ ಕಾಡು ಬಂತು, ಕಲ್ಲಿನ ಏರು ಬಂತು, ಶಿಖರ ಕಂಡಿತು. ನಾನು ಗಟ್ಟಿಯಾಗಿ ಅತ್ತುಬಿಟ್ಟೆ. ಗರ್ಭಗುಡಿಯ ದರ್ಶನ ಮುಗಿಸಿ ಹೊರಗೆ ಬಂದವಳು ಮಾಡಿದ ಮೊದಲ ಕೆಲಸ ದೇಸಾಯಿಯವರಿಗೆ ಫೋನು. “ಮಲ್ಲಯ್ಯ ಎದುರು ಬರಲಿಲ್ಲರಿ. ನಾನ ಬಂದೇನಿ” ಎಂದೆ.

ಊರಿಗೆ ಬಂದ ಮೇಲೆ ಅತ್ತೆ ನನ್ನ ಚೀಲವನ್ನು ದೇವರ ಜಗಲಿಯ ಮುಂದೆ ಬಿಚ್ಚಿದಳು. ವಿಭೂತಿ ಗಟ್ಟಿ, ಒಣಗಿದ ಪತ್ರಿ, ಕಲ್ಲುಸಕ್ಕರೆ, ಒಣಕೊಬ್ಬರಿ. ಅವುಗಳ ನಡುವೆ ಹಾದಿಯಲ್ಲಿ ಕೊಟ್ಟು ಉಳಿದ ಗುಳಿಗೆಯ ಪೊಟ್ಟಣಗಳು, ಹಿಡಿ ತುಂಬ. ಪ್ರಸಾದವನ್ನು ಚೆಲ್ಲುವಂತಿಲ್ಲವಲ್ಲ. ಅತ್ತೆ ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ ಜಗಲಿಯ ಮೇಲಿಟ್ಟಳು. ದಿನಾ ಪೂಜೆಯಾದ ಮೇಲೆ ಅದರಿಂದ ಒಂದಿಷ್ಟು ತೆಗೆದು ಕೊಡುವಳು. ಸಕ್ಕರೆಯ ಹರಳು ಒಂದು, ಗುಳಿಗೆ ಒಂದು. ನಮ್ಮ ಯಜಮಾನರು ತಮ್ಮ ಅಂಗಡಿಗೆ ಬೇಗ ಹೋಗುತ್ತಿದ್ದುದರಿಂದ ಬಚಾವಾದರು. ಗುಳಿಗೆಯೆಲ್ಲ ನನ್ನ ಪಾಲಿಗೆ ಬಂತು.

ಮೊದಲು ಹೋದದ್ದು ಬಾಯಿ ರುಚಿ. ಉಳ್ಳಾಗಡ್ಡಿಯ ಒಗ್ಗರಣೆ ವಾಸನೆಗೆ ವಾಂತಿ ಬರತೊಡಗಿತು. ಬಿಸಿಲಿನ ನಡಿಗೆ, ದಣಿವು, ಎಂದುಕೊಂಡೆ. ಆಮೇಲೆ ಮೈಯೆಲ್ಲ ತುರಿಕೆ, ಅಂಗಾಲಿನಲ್ಲೂ. ಒಂದು ದಿನ ಕೋರ್ಟಿನಲ್ಲಿ ದೇಸಾಯಿಯವರ ಸಾಕ್ಷಿಗೆ ಪಾಟೀ ಸವಾಲು ಮಾಡುತ್ತಿದ್ದೆ. ಅವನು ಬೆವರುತ್ತಿದ್ದ, ನಾನು ಇನ್ನೇನು ಗೆದ್ದೆ ಎಂಬ ಹುರುಪಿನಲ್ಲಿದ್ದೆ. ದೇಸಾಯಿಯವರು ಎದ್ದು ನಿಂತರು. ಆಕ್ಷೇಪಣೆ ಎತ್ತುತ್ತಾರೆ ಎಂದು ನಾನು ತಿರುಗಿದರೆ ಅವರು ಮೆಲ್ಲಗೆ, “ಮೇಡಂ, ನಿಮ್ಮ ಕಣ್ಣ ಭಾಳ ಹಳದಿ ಆಗ್ಯಾವ್ರಿ. ಮೊದಲ ದವಾಖಾನಿಗೆ ನಡೀರಿ” ಎಂದರು. ಎದುರು ಪಕ್ಷದವರ ಮಾತನ್ನು ನಾನು ಒಪ್ಪಿದ್ದು ಅದೊಂದೇ ಸಲ.

ಮನೆಯಲ್ಲಿ ಕನ್ನಡಿ ನೋಡಿಕೊಂಡೆ. ಅರಿಶಿನದ ನೀರಿನಲ್ಲಿ ಅದ್ದಿ ತೆಗೆದಂತಹ ಕಣ್ಣು. ಅತ್ತೆ ಒಂದೇ ನೋಟಕ್ಕೆ ಕಾಮಾಲೆ ಎಂದು ತೀರ್ಪು ಕೊಟ್ಟಳು. “ಕಾಮಣಿ ಆಗೇತಿ. ದವಾಖಾನಿಯಾಗ ಇದಕ್ಕ ಔಷಧ ಇಲ್ಲ. ಮಸೂತಿ ಊರ ಕಡೆ ಒಬ್ಬ ಮುದುಕ ಕೈಗೆ ಬರಿ ಎಳೀತಾನ, ಬಾ.”

“ಬರಿ ಎಳಸಿಕೊಳ್ಳಾಕ ನಾ ಏನು ಎಮ್ಮಿ ಏನ್ರಿ ಅತ್ತಿ? ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ರಂತ!”

“ಎಲ್ಲಾದಕ್ಕೂ ವಾದ ಮಾಡ್ತಿ ನೀ. ರೋಗದ ಸಂಗಾಟನೂ ವಾದ ಮಾಡ್ತಿಯೇನು?”

ಮಾಡುತ್ತೇನೆ ಎಂದು ಹೇಳಿ ಬಿಜಾಪುರದ ದೊಡ್ಡ ಆಸ್ಪತ್ರೆಗೆ ಹೊರಟೆ. ಯಜಮಾನರು ದಾರಿಯುದ್ದಕ್ಕೂ ಮಾತಾಡಲಿಲ್ಲ. ಅವರು ಹೆದರಿದಾಗ ಮಾತಾಡುವುದಿಲ್ಲ, ನಾನು ಹೆದರಿದಾಗ ಬಾಯಿ ಮುಚ್ಚುವುದಿಲ್ಲ. ಆ ದಿನ ನಾನು ಬಹಳ ಮಾತಾಡಿದೆ.

ಆಸ್ಪತ್ರೆಯ ಹೊರಗಿನ ಬೆಂಚುಗಳು ಕೋರ್ಟಿನ ಪಡಸಾಲೆಯ ಹಾಗೆಯೇ. ಹೆಸರು ಕೂಗುವವರೆಗೆ ಕಾಯುವುದು, ಕೂಗಿದಾಗ ಬೇರೆಯವರ ಹೆಸರಾಗಿರುವುದು. ನಾನು ಕಕ್ಷಿದಾರರಿಗೆ ಎಷ್ಟು ಸಲ “ಕೂಡ್ರಿ, ಕರೀತಾರ” ಎಂದಿದ್ದೇನೋ, ಅದನ್ನೆಲ್ಲ ಆ ಬೆಂಚು ನನಗೆ ತಿರುಗಿ ಹೇಳಿತು. ರಕ್ತ ತೆಗೆದರು, ಹೊಟ್ಟೆಯ ಮೇಲೆ ತಣ್ಣನೆಯ ಅಂಟು ಸವರಿ ಸ್ಕ್ಯಾನು ಮಾಡಿದರು. ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮಾತು ಕಡಿಮೆ. ವರದಿ ನೋಡಿದವಳೇ ಆ ಪ್ರಶ್ನೆ ಕೇಳಿದಳು. ಔಷಧ ಏನಾದರೂ? ಇಲ್ಲ. ಗಿಡಮೂಲಿಕೆ, ಕಷಾಯ? ಇಲ್ಲ. ಕುಡಿತ? ಇಲ್ಲವೇ ಇಲ್ಲ. “ಅಡ್ಮಿಟ್ ಆಗ್ರಿ” ಎಂದಳು.

ಆಮೇಲೆ ಶುರುವಾಯಿತು ಹುಡುಕಾಟ. ಸೋಂಕಿನ ಪರೀಕ್ಷೆಗಳೆಲ್ಲ ಆದವು, ಒಂದರಲ್ಲೂ ಏನೂ ಸಿಗಲಿಲ್ಲ. ಕಲ್ಲಿಲ್ಲ, ಗಡ್ಡೆ ಇಲ್ಲ. ಕಾರಣ ಗೊತ್ತಿಲ್ಲ, ಲಿವರ್ ಮಾತ್ರ ದಿನದಿನಕ್ಕೆ ಕೈ ಬಿಡುತ್ತಿತ್ತು. ಒಂದು ಮುಂಜಾನೆ ಡಾಕ್ಟರು ಯಜಮಾನರನ್ನು ಹೊರಗೆ ಕರೆದು ಏನೋ ಹೇಳಿದಳು. ನಾನು ಬಿಡುತ್ತೇನೆಯೇ? ಅವರು ಒಳಗೆ ಬಂದಕೂಡಲೇ ಹಿಡಿದೆ. ರಕ್ತ ಹೆಪ್ಪುಗಟ್ಟುವುದು ಕಡಿಮೆಯಾಗುತ್ತಿದೆಯಂತೆ. ನನಗೆ ಮಂಪರು ಹತ್ತಿದರೆ, ಬಡಬಡಿಸತೊಡಗಿದರೆ, ತಡ ಮಾಡದೆ ದೊಡ್ಡ ಊರಿಗೆ ಒಯ್ಯಬೇಕಂತೆ, ಲಿವರನ್ನೇ ಬದಲಿಸಬೇಕಾದೀತಂತೆ. “ಸರೋಜಾ, ನೀ ಬಡಬಡಿಸೂದು ದಿನಾನೂ ಐತಿ. ನಾ ಹೆಂಗ ಗುರುತು ಹಿಡೀಲಿ?” ಎಂದರು. ಇಬ್ಬರೂ ನಗಲು ಹೋದೆವು. ಅವರ ನಗು ಅರ್ಧಕ್ಕೆ ಅಳುವಾಯಿತು. ಮದುವೆಯಾದಾಗಿನಿಂದ ಅವರು ಅತ್ತದ್ದನ್ನು ನಾನು ಕಂಡದ್ದು ಆಗಲೇ.

ನೋಡಲು ಬಂದ ನೆಂಟರದು ಇನ್ನೊಂದು ಕಾಟ. ದೂರದ ಕಾಕಾ ಒಬ್ಬರು ಬಂದರು. ನನ್ನ ಹಳದಿ ಮುಖ ನೋಡಿದರು, ‘ಲಿವರ್’ ಎಂಬ ಮಾತು ಕೇಳಿದರು, ಯಜಮಾನರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ ಪಿಸುಗುಟ್ಟಿದರು. “ಅಲ್ಲೋ, ಕೋರ್ಟಿನಾಗ ಪಾರ್ಟಿ ಗೀರ್ಟಿ ಇರ್ತಾವಲ್ಲ. ಹಿಂಗ ಏನರೆ ಸ್ವಲ್ಪ...”

“ಕಾಕಾ, ಜೋರಾಗಿ ಕೇಳ್ರಿ. ಲಿವರ್ ಹೋಗೇತಿ, ಕಿವಿ ಇನ್ನೂ ಹೋಗಿಲ್ಲ” ಎಂದೆ. ಕಾಕಾ ತಂದಿದ್ದ ಬಾಳೆಹಣ್ಣನ್ನು ಅಲ್ಲೇ ಬಿಟ್ಟು ನಡೆದರು. ಆದರೆ ಅವರೊಬ್ಬರೇ ಅಲ್ಲ. ಅಷ್ಟು ಹೊತ್ತಿಗೆ ಊರಲ್ಲಿ ಅರ್ಧ ಮಂದಿಗೆ ನಾನು ಕುಡುಕಿ, ಇನ್ನರ್ಧ ಮಂದಿಗೆ ಮಲ್ಲಯ್ಯನ ಹಾದಿಯಲ್ಲಿ ಮಡಿ ಮುರಿದ ಪಾಪಿ. ಲಿವರಿನ ಕಾಯಿಲೆ ಬಂದವರೇ, ನಿಮಗೂ ಹೀಗೆ ಹೆಬ್ಬೆರಳು ತೋರಿಸಿದ್ದರೆ ತಲೆ ತಗ್ಗಿಸಬೇಡಿ. ಕುಡಿದು ಬಂದಿದ್ದರೂ ತಗ್ಗಿಸಬೇಡಿ. ಕಾಯಿಲೆ ಅಪರಾಧವಲ್ಲ, ನೋಡಲು ಬಂದವರು ನ್ಯಾಯಾಧೀಶರೂ ಅಲ್ಲ.

ಒಳ್ಳೆಯದೂ ಇತ್ತು. ಪಕ್ಕದ ಮಂಚದ ಹೆಂಗಸಿನ ತಂಗಿ ಸಿಂದಗಿಯವಳು, ತುರಿಕೆಗೆ ನಾನು ಮೈ ಪರಚಿಕೊಳ್ಳುವುದನ್ನು ನೋಡಲಾರದೆ ನನ್ನ ಉಗುರು ಕತ್ತರಿಸಿ, ಒದ್ದೆ ಬಟ್ಟೆಯಿಂದ ಬೆನ್ನು ಒರೆಸಿದಳು. ಹೆಸರು ಕೇಳಿದರೆ “ಹೆಸರು ತಗೊಂಡು ಏನ್ಮಾಡ್ತೀರಿ, ತಿರುಗರಿ ಆ ಕಡೆ” ಎಂದು ಗದರಿದಳು. ಆ ಒದ್ದೆ ಬಟ್ಟೆಯ ತಂಪನ್ನು ನನ್ನ ಬೆನ್ನು ಮರೆತಿಲ್ಲ.

ಡಾಕ್ಟರು ದಿನಾ ಬಂದು ನನಗೊಂದು ಪ್ರಶ್ನೆ ಕೇಳುತ್ತಿದ್ದಳು. “ಇವತ್ತ ವಾರ ಯಾವುದ್ರಿ?” ತಲೆ ನೆಟ್ಟಗಿದೆಯೋ ಇಲ್ಲವೋ ಎಂಬ ಪರೀಕ್ಷೆ. ನನಗೆ ಅವಮಾನ. “ಮಂಗಳವಾರ. ನಿನ್ನೆ ಸೋಮವಾರ ಇತ್ತು, ನಾಳೆ ಬುಧವಾರ ಆಗ್ತೈತಿ. ದಾಖಲೆ ಬೇಕಂದ್ರ ಕ್ಯಾಲೆಂಡರ್ ಹಾಜರ ಮಾಡ್ತೇನಿ” ಎನ್ನುತ್ತಿದ್ದೆ. ಅವಳು ನಗದೆ ಬರೆದುಕೊಂಡು ಹೋಗುತ್ತಿದ್ದಳು.

ಒಂದು ಮುಂಜಾನೆ ಅವಳು ಕೇಳಿದಳು. ನಾನು ಬಾಯಿ ತೆರೆದೆ. ವಾರ ಬರಲಿಲ್ಲ. ಯಾವುದೋ ವಾರ ಅಲ್ಲೇ ಎಲ್ಲೋ ಇತ್ತು, ನಾಲಿಗೆಯ ಹಿಂದೆ, ಕೈಗೆ ಸಿಗಲಿಲ್ಲ. “ಅಮಾಸಿ” ಎಂದೆ. ಅದು ವಾರವಲ್ಲ ಎಂದೂ ಗೊತ್ತಿತ್ತು. ಯಜಮಾನರು ಗೋಡೆಯ ಕಡೆ ಮುಖ ತಿರುಗಿಸಿದರು. ನನಗೆ ಸಾವಿನ ಭಯ ಅಷ್ಟಾಗಲಿಲ್ಲ. ಭಯವಾದದ್ದು ಮಾತು ಹೋಗುತ್ತದೆ, ನಾನು ನಾನಾಗಿ ಉಳಿಯುವುದಿಲ್ಲ ಎಂದು. ದೊಡ್ಡ ಊರಿಗೆ ಒಯ್ಯುವ ತಯಾರಿ ಮಾಡಿರಿ ಎಂದು ಹೇಳಿ ಡಾಕ್ಟರು ಪಕ್ಕದ ಮಂಚಕ್ಕೆ ಹೋದಳು.

ಅದೇ ಹೊತ್ತಿಗೆ ಅತ್ತೆ ಬಂದಳು, ದಿನಾ ಬರುವಂತೆ. ಹಣೆಗೆ ವಿಭೂತಿ ಹಚ್ಚಿದಳು. ಸೆರಗಿನ ಗಂಟು ಬಿಚ್ಚಿ ಒಂದು ಕಾಗದದ ಪೊಟ್ಟಣ ತೆಗೆದಳು. ನಾನು ದಿನಾ ಬಾಯಿ ತೆರೆಯುವಂತೆ ತೆರೆದೆ. ಡಾಕ್ಟರು ತಿರುಗಿ ನೋಡಿದಳು.

“ಅವ್ವಾ, ಏನದು?”

“ಪ್ರಸಾದರಿ. ಮಲ್ಲಯ್ಯಂದು.”

“ಕೊಡ್ರಿ ಇಲ್ಲಿ, ನೋಡೂನು.”

ಪೊಟ್ಟಣದಲ್ಲಿ ಚೂರು ಕಲ್ಲುಸಕ್ಕರೆ. ಅದರ ಜೊತೆಗೆ ವಿಭೂತಿ ಮೆತ್ತಿದ ಹಳದಿ ಗುಳಿಗೆ. ಡಾಕ್ಟರು ಅದನ್ನು ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದಳು. ಅಷ್ಟು ದಿನ ನಿಂತೇ ಮಾತಾಡಿದ ಹೆಣ್ಣುಮಗಳು ನನ್ನ ಮಂಚದ ಮೇಲೆ ಕುಸಿದು ಕುಳಿತಳು. “ಮೇಡಂ, ಔಷಧ ತಗೊಂಡಿಲ್ಲ ಅಂದಿದ್ರಿ. ಗುಳಿಗಿ ತಗೋತಿದ್ರೇನು?”

ಆಗ ನಾನು ಕೊಟ್ಟ ಉತ್ತರ ನನಗೆ ನೆನಪಿಲ್ಲ, ಯಜಮಾನರು ಆಮೇಲೆ ಹೇಳಿದ್ದು. ಮಂಪರಿನಲ್ಲಿಯೂ ತಲೆ ಎತ್ತಿ, ಕೋರ್ಟಿನ ದನಿಯಲ್ಲಿ ಹೇಳಿದೆನಂತೆ: “ಅದು ಗುಳಿಗಿ ಅಲ್ಲರಿ. ಪ್ರಸಾದ.”

ಇದನ್ನು ಕೇಳಿ ನಗುವವರು ನಗಲಿ. ಆದರೆ ನಾನು ಪೆದ್ದಿಯಲ್ಲ, ನಮ್ಮ ಅತ್ತೆಯೂ ಅಲ್ಲ. ಔಷಧ ಎಂದರೆ ನಮಗೆ ಡಾಕ್ಟರು ಬರೆದು ಕೊಟ್ಟದ್ದು, ಅಂಗಡಿಯಿಂದ ತಂದದ್ದು, ಕಹಿಯಾದದ್ದು. ಹಣೆಗೊತ್ತಿಕೊಂಡು ನುಂಗಿದ್ದು ಬೇರೆ ಲೆಕ್ಕ. ನೀವು ಗುಡಿಯ ತೀರ್ಥವನ್ನು ಡಾಕ್ಟರ ಮುಂದೆ ‘ಬೆಳಿಗ್ಗೆ ಒಂದು ಚಮಚ ನೀರು ಕುಡಿದೆ’ ಎಂದು ಹೇಳುತ್ತೀರಾ? ಪ್ರಶ್ನೆ ಬೇರೆ ಬಾಗಿಲಿಗೆ ಬಂದಿತ್ತು, ಉತ್ತರ ಬೇರೆ ಮನೆಯಲ್ಲಿತ್ತು. ನಾಲ್ಕು ಗೆರೆ ಕಾನೂನು ಓದಿದವಳಿಗೆ ಇದು ಹೊಳೆಯಬೇಕಿತ್ತು ಎನ್ನುವವರು ಒಮ್ಮೆ ನಮ್ಮ ಹಾದಿಯಲ್ಲಿ ಬರಿಗಾಲಲ್ಲಿ ನಡೆದು ಬಂದು ಮಾತಾಡಲಿ.

ಲಿವರನ್ನು ತಿನ್ನುತ್ತಿದ್ದುದು ಆ ನೋವಿನ ಗುಳಿಗೆಯೇ. ಅದು ನಿಂತಿತು. ದೊಡ್ಡ ಚಿಕಿತ್ಸೆ ಎಂದರೆ ಅದೇ, ನಿಲ್ಲಿಸುವುದು. ಉಳಿದದ್ದೆಲ್ಲ ಸಲೈನು, ಪರೀಕ್ಷೆ, ಕಾಯುವುದು. ಡಾಕ್ಟರು ದೊಡ್ಡ ಊರಿನ ಆಸ್ಪತ್ರೆಗೆ ಫೋನು ಮಾಡಿ ಇಟ್ಟುಕೊಂಡೇ ಒಂದು ದಿನ ನೋಡೋಣ ಎಂದಳು. ಆ ದಿನ ಕಳೆಯಿತು. ಮರುದಿನದ ವರದಿ ಹಿಂದಿನದಕ್ಕಿಂತ ಕೆಟ್ಟಿರಲಿಲ್ಲ. ಅದರ ಮರುದಿನದ್ದು ಕೂದಲೆಳೆಯಷ್ಟು ಸುಧಾರಿಸಿತ್ತು. ಡಾಕ್ಟರು “ವಾರ ಯಾವುದ್ರಿ?” ಎಂದಳು. “ಶುಕ್ರವಾರ. ಇನ್ನೊಮ್ಮೆ ಕೇಳಿದ್ರ ನೋಟಿಸ್ ಕೊಡ್ತೇನಿ” ಎಂದೆ. ಅವಳು ನಕ್ಕಳು, ಅಂತೂ.

ಅತ್ತೆ ಮಾತ್ರ ಒಳಗೆ ಬರುವುದನ್ನು ಬಿಟ್ಟಳು. ಊರಿಗೂ ಹೋಗಲಿಲ್ಲ. ವಾರ್ಡಿನ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಿರುತ್ತಿದ್ದಳು. ಯಜಮಾನರು ಊಟಕ್ಕೆ ಕರೆದರೆ “ಈ ಕೈ ಕಡದ ಒಗೀರಿ” ಎಂದು ಅಂಗೈ ಚಾಚುತ್ತಿದ್ದಳಂತೆ. ನನಗೆ ಅವಳ ಮೇಲೆ ಸಿಟ್ಟು ಬಂದಿರಲಿಲ್ಲವೇ? ಬಂದಿತ್ತು. ಸಾಯಲಿಕ್ಕೆ ಹೊರಟವಳಿಗೆ ಬರುವ ಸಿಟ್ಟು ಯಾರನ್ನೂ ಬಿಡುವುದಿಲ್ಲ. ಅತ್ತೆ, ಈರಣ್ಣ, ದೇಸಾಯಿ, ನನ್ನ ಮೊಣಕಾಲು, ಮಲ್ಲಯ್ಯ, ಎಲ್ಲರನ್ನೂ ಮನಸ್ಸಿನಲ್ಲೇ ಬೈದು ಮುಗಿಸಿದೆ. ಬೈದ ಮೇಲೆ ಉಳಿದದ್ದು ಬಾಗಿಲ ಹೊರಗಿನ ಆ ಬಾಗಿದ ಬೆನ್ನು.

“ಅತ್ತಿ, ಒಳಗ ಬರ್ರಿ” ಎಂದು ಕೂಗಿದೆ. ಬರಲಿಲ್ಲ. “ಬರ್ರಿ ಅಂದ್ರ! ಹಣಿ ಖಾಲಿ ಐತಿ. ಇಬತ್ತಿ ಹಚ್ಚರಿ. ಇಬತ್ತಿ ಏನೂ ತಪ್ಪು ಮಾಡಿಲ್ಲ.”

ಬಂದಳು. ಹಚ್ಚಿದಳು. ವಿಭೂತಿ ನನ್ನ ಹುಬ್ಬಿನ ಮೇಲೆಲ್ಲ ಬಿತ್ತು. ಆಮೇಲೆ ಇಬ್ಬರೂ ಅತ್ತೆವು, ಪಕ್ಕದ ಮಂಚದವರು ನೋಡುತ್ತಿದ್ದಾರೆ ಎಂಬ ನಾಚಿಕೆಯೂ ಇಲ್ಲದೆ.

ಮನೆಗೆ ಬಂದ ಮೇಲೆ ಕಣ್ಣಿನ ಹಳದಿ ಹೋಗಲು ಬಹಳ ದಿನ ಹಿಡಿಯಿತು. ಶಕ್ತಿ ಬರಲು ಇನ್ನೂ ಹೆಚ್ಚು. ಕೂತು ಎದ್ದರೆ ದಣಿವು, ಒಂದು ರೊಟ್ಟಿ ತಿನ್ನಲು ಒಂದು ಹೊತ್ತು. ಮಳೆಗಾಲ ಕಳೆದು ಜೋಳ ತೆನೆ ಕಟ್ಟುವ ಹೊತ್ತಿಗೆ ಕೋಟು ಹಾಕಿಕೊಂಡೆ. ಅದು ನನ್ನ ಮೈಮೇಲೆ ಗೂಟಕ್ಕೆ ನೇತುಹಾಕಿದ ಹಾಗಿತ್ತು. ದೇಸಾಯಿಯವರು ಚಹಾ ತರಿಸಿದರು, ಜೋಕು ಮಾಡಲಿಲ್ಲ. ಇವರಿಗೇನು ಬಂತು ಎಂದು ನನಗೇ ಬೇಸರವಾಯಿತು.

ಬಾಕಿ ಇದ್ದದ್ದು ಆ ಹಿತ್ತಾಳೆ ಪರಾತ. ಈರಣ್ಣನನ್ನು ಮನೆಗೆ ಕರೆಸಿ ಹೇಳಿದೆ, ಬರುವ ವರ್ಷ ಗುಳಿಗೆ ಬೇಡ ಎಂದು. ಅವನು ಕೆಟ್ಟವನಲ್ಲ. ಯಾರ ಕಾಲಲ್ಲಿ ಬೊಕ್ಕೆ ಕಂಡರೂ ಕರಗುವ ಮನುಷ್ಯ. ಆದರೆ ಹಟಮಾರಿ.

“ವೈನಿ, ವರ್ಷಾ ವರ್ಷಾ ಎಷ್ಟೊಂದ ಮಂದಿ ತಗೊಂಡಾರ. ಒಬ್ಬರರೆ ಬಂದು ನನಗ ಹಿಂಗಾತು ಅಂದಾರೇನು?”

“ಅವರು ಸತ್ತಿದ್ರ ನಿನ್ನ ಪೆಂಡಾಲಿಗೆ ಬಂದು ಹೇಳಿ ಹೋಗಬೇಕಿತ್ತೇನು? ನನಗ ಆದದ್ದು ನಿನ್ನ ಮನ್ಯಾಗ ಆತು, ಅದಕ್ಕ ನಿನಗ ಗೊತ್ತಾತು.”

“ಮಲ್ಲಯ್ಯ ನಿಮ್ಮನ್ನ ಪರೀಕ್ಷಾ ಮಾಡ್ಯಾನ ವೈನಿ. ಸೇವಾ ನಿಲ್ಲಸಬಾರದು.”

“ಗುಳಿಗಿ ಕೊಡಾಕ ಮಲ್ಲಯ್ಯಗೂ ಲೈಸನ್ಸ್ ಇಲ್ಲ, ನಿನಗೂ ಇಲ್ಲ.”

ಅವನು ಎದ್ದು ಹೋದ. ಅತ್ತೆ ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದಳು, ಆ ಕಡೆಯೂ ಮಾತಾಡಲಿಲ್ಲ, ಈ ಕಡೆಯೂ ಮಾತಾಡಲಿಲ್ಲ. ನಾನು ಬದುಕಿದ್ದಾಯಿತು. ಆದರೆ ಅದೇ ಪರಾತದಿಂದ ಬರುವ ವರ್ಷ ಇನ್ಯಾರೋ ನುಂಗುತ್ತಾರೆ, ಇನ್ಯಾವುದೋ ಊರಲ್ಲಿ ಯಾರೋ ಡಾಕ್ಟರು ‘ಔಷಧ ತಗೊಂಡಿದ್ದಿರಾ?’ ಎಂದು ಕೇಳುತ್ತಾರೆ, ಅವರೂ ‘ಇಲ್ಲ’ ಎನ್ನುತ್ತಾರೆ. ನನ್ನ ಹಾಗೆ ಅವರ ಅದೃಷ್ಟಕ್ಕೆ ಡಾಕ್ಟರು ಸರಿಯಾದ ಹೊತ್ತಿಗೆ ತಿರುಗಿ ನೋಡಬೇಕೆಂದೇನಿಲ್ಲ.

ಮತ್ತೆ ಯುಗಾದಿ ಹತ್ತಿರ ಬಂತು. ನಾನು ಡಾಕ್ಟರ ಹತ್ತಿರ ಹೋಗಿ ನಡೆಯಲೇ ಎಂದು ಕೇಳಿದೆ. “ನಡೀರಿ. ಲಿವರಿಗೆ ನಡಿಗಿ ಏನೂ ಮಾಡೂದಿಲ್ಲ. ನೋವಿನ ಗುಳಿಗಿ ಮಾತ್ರ ಮುಟ್ಟಬ್ಯಾಡ್ರಿ. ಯಾರು ಏನ ಕೊಟ್ಟರೂ ಮೊದಲ ನನಗ ಫೋನ್ ಮಾಡ್ರಿ” ಎಂದಳು. ಮನೆಯಲ್ಲಿ ಯಜಮಾನರು ಬೇಡ ಎಂದರು, ದೂರದ ಊರಿನಲ್ಲಿರುವ ನಮ್ಮ ಮಗಳು ಫೋನಿನಲ್ಲಿ ಬೇಡ ಎಂದಳು, ಕಾಕಾ ಯಾರ ಮೂಲಕವೋ ಬೇಡ ಎಂದು ಹೇಳಿ ಕಳಿಸಿದರು. ಕಾಕಾ ಬೇಡ ಎಂದ ಮೇಲಂತೂ ಹೋಗಲೇಬೇಕಾಯಿತು.

ಈ ಸಲ ನೋವು ನೋವಾಗಿಯೇ ಬಂತು. ಗುಳಿಗೆ ಇಲ್ಲದ ಮೊಣಕಾಲು ಎಷ್ಟು ಮಾತಾಡುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಗುಂಪಿನವರೆಲ್ಲ ಮುಂದೆ ಹೋದರು. ನಾನು ಕೂತು, ಎದ್ದು, ಬೈದುಕೊಂಡು, ಸಂಜೆ ಹೊತ್ತಿಗೆ ನಮ್ಮ ಪೆಂಡಾಲು ಕಂಡೆ. ಅದರ ಬಾಗಿಲಲ್ಲಿ ಅತ್ತೆ ಮಣೆಯ ಮೇಲೆ ಕೂತಿದ್ದಾಳೆ. ಮಗ್ಗುಲಲ್ಲಿ ಅದೇ ಹಿತ್ತಾಳೆ ಪರಾತ, ತುಂಬ ಪೊಟ್ಟಣ. ಹಿಂದೆ ಈರಣ್ಣ ನಿಂತಿದ್ದಾನೆ, ನನ್ನ ಕಡೆ ನೋಡದೆ. ಸಾಲಿನಲ್ಲಿ ನಿಂತೆ, ಬಾಯಿ ತೆರೆಯಲು ಸಿದ್ಧಳಾಗಿ.

ನನ್ನ ಮುಂದೆ ಸಿಂದಗಿ ಕಡೆಯ ಗಟ್ಟಿಮುಟ್ಟಾದ ರೈತ. ಬಾಗಿ ಹಣೆ ಒಡ್ಡಿದ, ವಿಭೂತಿ ಹಚ್ಚಿಸಿಕೊಂಡ, ಪತ್ರಿ ಇಸಿದುಕೊಂಡ. “ಅವ್ವಾ, ಕಾಲು ಭಾಳ ಹಿಡದಾವು. ಗುಳಿಗಿ ಪ್ರಸಾದ ಕೊಡು.”

ಅತ್ತೆ ಪರಾತಕ್ಕೆ ಕೈ ಹಾಕಲಿಲ್ಲ. “ಮುಂಜಾನಿಂದ ಏನೇನ ಪ್ರಸಾದ ತಗೊಂಡಿ, ಹೇಳು” ಎಂದಳು.

“ಮಜ್ಜಿಗಿ, ಕಲ್ಲಂಗಡಿ... ಆ ಊರಾಗ ಒಂದ ಕೆಂಪ ಗುಳಿಗಿ, ಇಲ್ಲೇ ಹಿಂದ ಒಂದ ಬಿಳೇದು.”

“ಊಟ?”

“ಸೇರಂಗಿಲ್ಲವ್ವ.”

“ಹಂಗಾರ ನಿನಗ ಇಲ್ಲ.”

ರೈತ ಬೆರಗಾದ. “ಪ್ರಸಾದಕ್ಕ ಇಲ್ಲ ಅನಬಾರದವ್ವ!”

“ಪ್ರಸಾದಕ್ಕ ಯಾರ ಇಲ್ಲ ಅಂದ್ರೋ? ಒಳಗ ಹೋಗಿ ರೊಟ್ಟಿ ಉಣ್ಣು, ಕಾಲ ಚಾಚು, ನಾನ ಬಂದು ಎಣ್ಣಿ ತಿಕ್ಕತೇನಿ. ಅದು ಪ್ರಸಾದ. ಇದು ಗುಳಿಗಿ.” ಅತ್ತೆಯ ದನಿ ಏರಿತು. ಸಾಲಿನ ಹಿಂದಿನವರಿಗೂ ಕೇಳಲೆಂದೇ ಏರಿಸಿದ್ದಳು. “ಇದನ್ನ ತಿಂದು ನಮ್ಮ ಸೊಸಿ ಸಾವಿನ ಬಾಗಲಾ ಬಡದ ಬಂದಾಳ. ಕೊಟ್ಟಾಕಿ ಯಾರ ಗೊತ್ತೇನು? ನಾನ. ಈ ಕೈಲೇ ಕೊಟ್ಟಿದ್ದೆ.”

ಗುಳಿಗೆಯ ಬಗ್ಗೆ ವರ್ಷಪೂರ್ತಿ ಒಂದು ಮಾತಾಡದ ಹೆಂಗಸು ಊರ ಮಂದಿಯ ಎದುರಿಗೆ ಬಲಗೈ ಎತ್ತಿ ಹಿಡಿದು ಕೂತಿದ್ದಳು. ನಾನು ಸಿದ್ಧ ಮಾಡಿಕೊಂಡು ಬಂದಿದ್ದ ವಾದ ಬೇಕಾಗಲೇ ಇಲ್ಲ. ಈರಣ್ಣ ಬಗ್ಗಿ ಪರಾತ ಎತ್ತಿಕೊಂಡು ಪೆಂಡಾಲಿನ ಹಿಂದಕ್ಕೆ ಹೋದ. ಬರುವಾಗ ಅವನ ಕೈಯಲ್ಲಿ ಎಣ್ಣೆಯ ಗಿಂಡಿ ಇತ್ತು.

ನನ್ನ ಸರದಿ ಬಂತು. ಅತ್ತೆ ಹಣೆಗೆ ವಿಭೂತಿ ಹಚ್ಚಿದಳು, ಈ ಸಲ ಹುಬ್ಬಿಗೆ ಒಂದು ಚೂರೂ ಬೀಳಲಿಲ್ಲ. ಪತ್ರಿ ಇಟ್ಟಳು. ಈರಣ್ಣ ನನ್ನ ಮೊಣಕಾಲಿಗೆ ಎಣ್ಣೆ ಸುರಿದು ತಿಕ್ಕಿದ. ರೊಟ್ಟಿ ತಿಂದು ನಾನು ಕೋಲು ಊರಿ ಎದ್ದಾಗ ಅತ್ತೆ ಕೇಳಿದಳು.

“ನೋಯಾಕತ್ತಾವೇನು?”

“ಭಾಳ ನೋಯಾಕತ್ತಾವ್ರಿ ಅತ್ತಿ.”

“ನೋಯಲಿ ತಗೋ” ಎಂದಳು. “ನಡಿ.”

ನಡೆದೆ.